ಮಗುವನ್ನು ಬಿಟ್ಟುಹೋಗೆಂದು ನೀವಾಗಿಯೇ ಕೇಳಿ

ಅತ್ತೆಯವರಿಗೆ ನಮಸ್ಕಾರ.

ರಾತ್ರಿ ಮೂರು ಗಂಟೆ. ಪುಟ್ಟಿಯ ಎದೆಯ ಗೊರಗೊರ ಸದ್ದಿಗೆ ಎಚ್ಚರವಾಯಿತು. ಮನೆ ಬಿಟ್ಟು ವ್ಯಾನಿನಲ್ಲೇ ಸಂಸಾರ ಹೂಡುವ ಮೊದಲು ಅಭ್ಯಾಸವಾಗಲೆಂದು ವಾರದಿಂದ ಅದರಲ್ಲೇ ಮಲಗುತ್ತಿದ್ದೇವೆ. ಹೊಸ ಪ್ಲೈವುಡ್ಡಿನ, ಬಣ್ಣದ ವಾಸನೆ ಅವಳಿಗೆ ಆಗುತ್ತಿಲ್ಲ. "ಎಲ್ಲಾ ಸರಿಹೋಗುತ್ತೆ, ನೀನು ಸುಮ್ನೆ ತಲೆ ಕೆಡಿಸ್ಕೋಬೇಡ" ಅನ್ನುತ್ತಾರೆ ನಿಮ್ಮ ಮಗ. ಅವರು ಕೈಯಾರೆ ಕಟ್ಟಿದ ಗೂಡು. ನಾನು ಏನು ಹೇಳಿದರೂ ಕೊಂಕು ತೆಗೆದಂತೆ. ಇಲ್ಲಿ ಫೋನಿನಲ್ಲಿ ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ, ಅದಕ್ಕೇ ಈ ಕಾಗದ.

ಭಾನುವಾರ ಬೆಳಿಗ್ಗೆ ಹೊರಡುತ್ತೇವೆ. ವಾಸನೆ ಹೋಗುವವರೆಗೆ ಮೊಮ್ಮಗಳು ನಿಮ್ಮ ಹತ್ತಿರ ಇರಲಿ ಎಂದು ನೀವಾಗಿಯೇ ಅವರನ್ನು ಕೇಳಿ. ಅವರ ಮುಂದೆ ನಾನು ಬೇಡ ಅನ್ನುತ್ತೇನೆ, ಅಳಲೂಬಹುದು. ನೀವು ಹಟ ಬಿಡಬೇಡಿ. ಅವಳ ಬಟ್ಟೆಯ ಚೀಲವನ್ನು ಬಾಗಿಲ ಹತ್ತಿರವೇ ಇಟ್ಟಿದ್ದೇನೆ.

ದಮ್ಮಯ್ಯ, ಅಂದು ಬೆಳಗಾಗುವ ಮೊದಲೇ ಅವರಿಗೆ ಫೋನ್ ಮಾಡಿ.

ನಿಮ್ಮ ಸೊಸೆ