ಮೂರನೇ ಮಹಡಿಯ ‘ಶ್ರೀಮಂತ’ರ ಮಗಳಿಗೊಂದು ಕುರ್ಚಿ

ಬೇಸಿಗೆ ಮಾರ್ಗದರ್ಶನ ಶಿಬಿರದ ಆಯ್ಕೆ ಸಮಿತಿಯ ಅಧ್ಯಕ್ಷರೇ,

ಮೊದಲು ಅಭಿನಂದನೆ ಸ್ವೀಕರಿಸಿ. ಇಷ್ಟು ದಿನ ಪುಣೆಯಲ್ಲಿ ಯಾರ ಕಣ್ಣಿಗೂ ಬೀಳದಿದ್ದ ಒಬ್ಬ ಭಾರೀ ಶ್ರೀಮಂತನನ್ನು ನಿಮ್ಮ ಸಮಿತಿ ಕಂಡುಹಿಡಿದಿದೆ. ಹೆಸರು ಜಟ್ಟೆಪ್ಪ, ಊರು ಯಾದಗಿರಿ ಕಡೆ, ಉದ್ಯೋಗ ಏಳುತ್ತಿರುವ ಕಟ್ಟಡಗಳಲ್ಲಿ ಕಬ್ಬಿಣದ ಸರಳು ಕಟ್ಟುವುದು. ತಾನು ಶ್ರೀಮಂತ ಎಂಬ ಸುದ್ದಿ ಅವನಿಗೂ ಗೊತ್ತಿರಲಿಲ್ಲ, ನಿಮ್ಮ ಪತ್ರ ಓದಿದ ಮೇಲೆಯೇ ತಿಳಿಯಿತು. ಅವನ ಮಗಳು ಸುಮಂಗಲಾ ಈ ವರ್ಷ ಹತ್ತನೇ ತರಗತಿ ಬರೆದಿದ್ದಾಳೆ. ಅವಳಿಗೆ ನಿಮ್ಮ ಶಿಬಿರದಲ್ಲಿ ಜಾಗವಿಲ್ಲವಂತೆ. ಕಾರಣ, ‘ಅರ್ಜಿದಾರಳ ಕುಟುಂಬವು ಈಜುಗೊಳ ಸಹಿತವಾದ ಐಷಾರಾಮಿ ವಸತಿ ಸಮುಚ್ಚಯದಲ್ಲಿ ಸ್ವಂತ ಮನೆಯನ್ನು ಹೊಂದಿದೆ.’ ಕೆಳಗೆ ನಿಮ್ಮ ಸಹಿ. ಆ ಸಹಿಯನ್ನು ಸೋಮವಾರದೊಳಗೆ ನೀವೇ ಹೊಡೆದುಹಾಕಬೇಕು ಎಂದು ಕೇಳಲು ಈ ಪತ್ರ.

ನಾನು ಯಾರು ಎಂದು ಕೇಳುವಿರಿ. ಶಿವಾಜಿನಗರದಲ್ಲಿ ಸಣ್ಣ ಹೋಟೆಲು ನಡೆಸುವವಳು. ನಿಮ್ಮ ಶಿಬಿರಕ್ಕೆ ದಿನಾ ಬೆಳಿಗ್ಗೆ ಎಂಟಕ್ಕೆ ತಿಂಡಿ ತರುವವಳೂ ನಾನೇ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಆ ಕೆಲಸ ನನಗೆ ಉಳಿಯುತ್ತದೋ ಇಲ್ಲವೋ ನೋಡಬೇಕು. ಹಾಗೆಯೇ, ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸುಮಂಗಲಾಳ ಅರ್ಜಿ ತುಂಬಿಸಿದವಳು ನಾನು. ಕಳೆದ ವರ್ಷ ನನ್ನ ಅಡುಗೆಮನೆಯ ಮೇಲಿನ ಸ್ಲ್ಯಾಬಿಗೆ ಜಟ್ಟೆಪ್ಪ ಕಬ್ಬಿಣ ಕಟ್ಟಿದ್ದ, ಆಗಿನಿಂದ ಆ ಮನೆಯವರ ಪರಿಚಯ. ‘ವಿಳಾಸ’ ಎಂಬ ಕಡೆ ಬಂದಾಗ ಕೇಳಿದೆ, “ಎಂತ ಬರೆಯುವುದು ಮಾರಾಯ?”

“ಬೋರ್ಡ್ ಮ್ಯಾಲಿಂದ ಬರೀರಿ ಅಕ್ಕಾರ. ಊರಿಂದ ಮಂದಿ ಬಂದ್ರೂ ಅದನ್ನ ಕೇಳ್ಕೋತ ಬರ್ತಾರ.”

ಕಟ್ಟಡದ ಕೆಲಸಕ್ಕೆ ಬಂದವರ ರೂಢಿಯೇ ಇದು. ಗುಡಿಸಲಿಗೆ ನಂಬರ್ ಇರುವುದಿಲ್ಲ, ಬೀದಿಗೆ ಹೆಸರಿರುವುದಿಲ್ಲ, ಆದರೆ ಗೇಟಿನಲ್ಲಿ ಮೂರು ಆಳೆತ್ತರದ ಬೋರ್ಡ್ ಇರುತ್ತದೆ. ಈ ವರ್ಷ ಯೆರವಡಾದ ಬೋರ್ಡ್, ಹೋದ ವರ್ಷ ಇನ್ನೊಂದು, ಅದರ ಹಿಂದೆ ಮತ್ತೊಂದು. ಬೋರ್ಡೇ ಅವರ ಊರು, ಬೋರ್ಡೇ ಅವರ ಪಿನ್‌ಕೋಡು. ನಾನೂ ಹಿಗ್ಗಿನಿಂದ, ನನ್ನ ಅತ್ಯುತ್ತಮ ಅಕ್ಷರದಲ್ಲಿ, ಬಿಲ್ಡರ್ ಆ ಗೋಪುರಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಇಂದ್ರಲೋಕದಂಥ ಹೆಸರನ್ನು ಪೂರ್ತಿ ಬರೆದು, ಮುಂದೆ ‘ಬಿ ವಿಂಗ್, ಮೂರನೇ ಮಹಡಿ’ ಎಂದು ಸೇರಿಸಿದೆ. ಅದರಲ್ಲಿ ಸುಳ್ಳೇನೂ ಇಲ್ಲ. ಮೊದಲು ಅವರ ತಗಡಿನ ಶೆಡ್ಡುಗಳಿದ್ದ ಜಾಗದಲ್ಲಿ ಬಿಲ್ಡರ್ ಗಿರಾಕಿಗಳಿಗೆ ತೋರಿಸುವ ಮಾದರಿ ಮನೆ ಕಟ್ಟಿಸಿದ. ಆಳುಗಳನ್ನೆಲ್ಲ ಅರ್ಧ ಎದ್ದ ಬಿ ವಿಂಗಿಗೆ ಹತ್ತಿಸಿದ. ಮೂರನೇ ಮಹಡಿಯಲ್ಲಿ ಜಟ್ಟೆಪ್ಪನ ಸಂಸಾರ. ಎರಡು ಕಡೆ ಗೋಡೆ, ಎರಡು ಕಡೆ ಪುಣೆ.

ಇಷ್ಟಕ್ಕೆ ನಿಮ್ಮ ಸಮಿತಿಗೆ ಸಂಶಯ ಬಂತು. ಬರಬೇಕಾದದ್ದೇ. ಇಷ್ಟು ಕಡಿಮೆ ಆದಾಯದವನಿಗೆ ಇಂಥ ಮನೆ ಹೇಗೆ ಸಾಧ್ಯ ಎಂದು ನೀವು ಕೇಳಿಕೊಂಡಿರಿ. ಬಹಳ ಒಳ್ಳೆಯ ಪ್ರಶ್ನೆ. ಅದರ ನೇರವಾದ ಉತ್ತರ, ಸಾಧ್ಯವಿಲ್ಲ ಎಂಬುದು. ಆದರೆ ನೀವು ಮನೆಯನ್ನು ನಂಬಿ ಆದಾಯ ಪ್ರಮಾಣಪತ್ರದ ಮೇಲೆ ‘ಅನುಮಾನಾಸ್ಪದ’ ಎಂದು ಬರೆದಿರಿ. ಆಮೇಲೆ ಖುದ್ದು ತನಿಖೆಗೆ ಒಬ್ಬ ಪರಿಶೀಲಕರನ್ನು ಕಳಿಸಿದಿರಿ. ಆ ತನಿಖೆಯ ವಿವರ ನನ್ನ ಬಳಿ ಇದೆ, ಏಕೆಂದರೆ ಗೇಟಿನ ವಾಚ್‌ಮನ್ ಅಂಬಣ್ಣ ನಾಯಿ ಒಳಗೆ ಬಂದರೂ ರಿಜಿಸ್ಟರಿನಲ್ಲಿ ಬರೆಯುವ ಮನುಷ್ಯ. ಒಳಗೆ ಹನ್ನೊಂದು ಹತ್ತು, ಹೊರಗೆ ಹನ್ನೊಂದು ಹದಿನಾಲ್ಕು. ಈ ನಾಲ್ಕು ನಿಮಿಷಗಳಲ್ಲಿ ನಿಮ್ಮ ಪರಿಶೀಲಕರು ಕಾರಿನಿಂದ ಕಾಲು ಕೆಳಗಿಡಲಿಲ್ಲ. ಗಾಜು ಇಳಿಸಿ ಕೇಳಿದರಂತೆ.

“ಜಟ್ಟೆಪ್ಪ ಅನ್ನುವವರು ಇಲ್ಲೇ ಇರುವುದಾ?”

“ಹೌದ್ರಿ ಸಾಹೇಬ್ರ. ಮೂರನೇ ಮಾಳಿಗ್ಯಾಗ. ಲಿಫ್ಟ್ ಇನ್ನಾ ಬಂದಿಲ್ಲರಿ, ಹತ್ತಬೇಕಾಗ್ತದ.”

“ಬಾಡಿಗೆ ಎಷ್ಟು ಕೊಡ್ತಾರೆ?”

“ಬಾಡಿಗಿ? ಬಾಡಿಗಿ ಎಲ್ಲಿದ್ರಿ! ಏನೂ ಇಲ್ಲರಿ.”

ಬಾಡಿಗೆ ಇಲ್ಲ, ಆದ್ದರಿಂದ ಸ್ವಂತ ಮನೆ. ಎಂಥ ತರ್ಕ! ನ್ಯಾಯಶಾಸ್ತ್ರ ಓದಿದವರೂ ಎದ್ದು ನಿಂತು ಕೈ ಮುಗಿಯಬೇಕು. ಇನ್ನು ಈಜುಗೊಳ. ಅದು ಬೋರ್ಡಿನ ಮೇಲಿದೆ. ನೀಲಿ ನೀರು, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿ ಒರಗಿಕೊಂಡ ಗಂಡಹೆಂಡತಿ. ಬೋರ್ಡಿನ ಹಿಂದಿನ ಕಂಬಿಗಳ ಮೇಲೆ ಸುಮಂಗಲಾಳ ತಾಯಿ ಹುಲಿಗೆವ್ವ ದಿನಾ ಬಟ್ಟೆ ಒಣಹಾಕುತ್ತಾಳೆ. ಆ ಗೋಪುರದಲ್ಲಿ ಈವರೆಗೆ ಈಜುಗೊಳದ ಪ್ರಯೋಜನ ಪಡೆದವರು ಯಾರಾದರೂ ಇದ್ದರೆ ಅವು ಆ ಬಟ್ಟೆಗಳು ಮಾತ್ರ.

ನಿಮ್ಮ ಪತ್ರ ಇಂಗ್ಲಿಷಿನಲ್ಲಿತ್ತು. ನೀವು ಕನ್ನಡಿಗರು, ಶಿಬಿರ ಕನ್ನಡ ಮಾಧ್ಯಮದ ಮಕ್ಕಳಿಗೆ, ಆದರೆ ‘ಇಲ್ಲ’ ಎನ್ನುವುದಕ್ಕೆ ಇಂಗ್ಲಿಷೇ ಬೇಕಾಯಿತು. ಮಧ್ಯಾಹ್ನ ಮೂರರ ಹೊತ್ತಿಗೆ, ಗಿರಾಕಿಗಳು ಕಡಿಮೆ ಇದ್ದಾಗ, ಅಪ್ಪ ಮಗಳು ಪತ್ರ ಹಿಡಿದು ನನ್ನ ಹೋಟೆಲಿಗೆ ಬಂದರು. ನಾನು ಕನ್ನಡಕ ಹುಡುಕುವುದರೊಳಗೆ ಹುಡುಗಿಯೇ ಓದಿ ಮುಗಿಸಿದಳು.

“ಅಕ್ಕಾರ, ನಮಗ ಈಜುಗೊಳ ಅದ ಅಂತ್ರಿ.”

“ಎಲ್ಲೆದವಾ?” ಎಂದ ಜಟ್ಟೆಪ್ಪ. “ನನಗ ಯಾರೂ ಹೇಳೇ ಇಲ್ಲ!”

“ಮನಿನೂ ನಮ್ದ ಅಂತಪಾ. ಸ್ವಂತದ್ದು.”

“ಹಂಗಾರ ನಾಳಿಂದ ಕೆಲಸಕ್ಕ ಹೋಗೂದಿಲ್ಲ ಬಿಡು. ಆ ಬಿಲ್ಡರ್‌ನ ಕರಸು, ಗ್ವಾಡಿ ಯಾವಾಗ ಮುಗಸ್ತಾನ ಕೇಳೂಣು.”

ನಾವು ನಕ್ಕೆವು ಅಧ್ಯಕ್ಷರೇ. ದೋಸೆ ಹೊಯ್ಯುವವನು ಕಾವಲಿ ಬಿಟ್ಟು ಬಂದು ನಕ್ಕ, ಒಂದು ದೋಸೆ ಸೀದುಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸುಮಂಗಲಾ. ನಗು ಇಳಿದ ಮೇಲೆ ಆ ಕಾಗದವನ್ನು ಹಳೆಯ ಮಡಿಕೆಗಳ ಮೇಲೆಯೇ ಸರಿಯಾಗಿ ಮಡಿಸಿ, “ಹಂಗಾರ ನನ್ನ ಹೆಸರು ಇನ್ನ ಬರೂದಿಲ್ಲೇನ್ರಿ ಅಕ್ಕಾರ?” ಎಂದು ಕೇಳಿದಳು.

ಪತ್ರದ ಕೊನೆಯಲ್ಲಿ ಒಂದು ದಾರಿ ತೋರಿಸಿದ್ದಿರಿ. ಆಕ್ಷೇಪವಿದ್ದರೆ ಆ ವಸತಿ ಸಮುಚ್ಚಯದ ಸೊಸೈಟಿಯಿಂದ ಪ್ರಮಾಣಪತ್ರ ತರಬೇಕು. ಕಟ್ಟಡವೇ ಮುಗಿದಿಲ್ಲ, ಸೊಸೈಟಿ ಎಲ್ಲಿಂದ ಬರಬೇಕು? ಆದರೆ ನಿಮ್ಮ ಆದೇಶ ಎಂದ ಮೇಲೆ ಪಾಲಿಸದೆ ಇರಲಾದೀತೆ? ಕಳೆದ ಭಾನುವಾರ ಬಿ ವಿಂಗಿನ ಮೂರನೇ ಮಹಡಿಯಲ್ಲಿ, ಸೆಂಟ್ರಿಂಗಿನ ಹಲಗೆಗಳ ಮೇಲೆ ಕುಳಿತು, ಸದ್ಯ ಆ ಗೋಪುರದಲ್ಲಿ ನಿಜವಾಗಿ ವಾಸವಾಗಿರುವ ನಲವತ್ತೊಂದು ಮಂದಿ ಸೊಸೈಟಿ ಸ್ಥಾಪಿಸಿದರು. ನಾನು ವೀಕ್ಷಕಳಾಗಿ ಹೋಗಿದ್ದೆ, ಚಹಾ ನನ್ನದೇ. ಅಧ್ಯಕ್ಷ ಸ್ಥಾನಕ್ಕೆ ಜಟ್ಟೆಪ್ಪನ ಹೆಸರು ಬಂತು. ಹುಲಿಗೆವ್ವ ಎದ್ದು ನಿಂತಳು.

“ಬ್ಯಾಡ್ರೆಪ್ಪೋ! ಸುಮ್ಮ ಇದ್ರೇ ಶ್ರೀಮಂತ ಅಂತಾರ, ಅಧ್ಯಕ್ಷ ಆದ್ರ ಮಗಳಿಗೆ ಜಲಮಕ್ಕ ಕಾಲೇಜ ಸಿಗೂದಿಲ್ಲ.”

ಠರಾವು ಬಿದ್ದುಹೋಯಿತು. ಪೆನ್ನು ಇದ್ದವನು ಅಂಬಣ್ಣ ಒಬ್ಬನೇ ಆದ್ದರಿಂದ ಅವನು ಸರ್ವಾನುಮತದಿಂದ ಕಾರ್ಯದರ್ಶಿಯಾದ. ‘ಈ ಸಮುಚ್ಚಯದ ನಿವಾಸಿಗಳಾದ ನಾವು ಪ್ರಮಾಣೀಕರಿಸುವುದೇನೆಂದರೆ, ಜಟ್ಟೆಪ್ಪ ನಮ್ಮಷ್ಟೇ ಬಡವ, ಮಳೆ ಬಂದರೆ ಅವನೂ ನೆನೆಯುತ್ತಾನೆ’ ಎಂದು ಬರೆದು ನಲವತ್ತೊಂದು ಸಹಿ, ಹೆಬ್ಬೆಟ್ಟು ಹಾಕಿ ಕೊಟ್ಟರು. ಮಂಗಳವಾರ ನಿಮ್ಮ ಕಚೇರಿಯಿಂದ ವಾಪಸು ಬಂತು. ಸೊಸೈಟಿಗೆ ನೋಂದಣಿ ಸಂಖ್ಯೆ ಇಲ್ಲವಂತೆ. ನಾನು ಕೇಳುವುದಿಷ್ಟೇ. ಬೋರ್ಡಿನ ಮೇಲಿನ ಈಜುಗೊಳಕ್ಕೆ ನೋಂದಣಿ ಸಂಖ್ಯೆ ಇತ್ತೇ?

ಅರ್ಜಿಯ ಮೇಲೆ ನಿಮ್ಮವರು ಇನ್ನೊಂದು ಷರಾ ಬರೆದಿದ್ದಾರೆ, ‘ಗುರಿ ಅಸ್ಪಷ್ಟ’. ಇದೊಂದನ್ನು ಓದಿ ನನಗೆ ನಗು ಬರಲಿಲ್ಲ. ‘ಮುಂದೆ ಏನಾಗಲು ಬಯಸುತ್ತೀರಿ?’ ಎಂಬ ಕಡೆ ಆ ಹುಡುಗಿ ತನ್ನ ಕೈಯಾರೆ ಬರೆದದ್ದು ಹೀಗೆ: ‘ಸ್ಲ್ಯಾಬ್ ಹಾಕುವ ಮುಂಚೆ ಬಂದು, ಕಬ್ಬಿಣ ನೋಡಿ, ಟೇಪು ಹಿಡಿದು, ಇದನ್ನು ಬಿಚ್ಚಿ ಮತ್ತೆ ಕಟ್ಟಿರಿ ಎಂದು ಹೇಳುವವರು.’ ಅಂಥ ಒಬ್ಬ ಹೆಂಗಸು ಆ ಕಟ್ಟಡಕ್ಕೆ ತಿಂಗಳಿಗೊಮ್ಮೆ ಬರುತ್ತಾರಂತೆ. ಕಾಲು ಗಂಟೆ ಇರುತ್ತಾರಂತೆ. ಅವರು ತಲೆ ಆಡಿಸುವ ತನಕ ಕಾಂಕ್ರೀಟ್ ಲಾರಿಗಳು ಗೇಟಿನಲ್ಲೇ ನಿಂತಿರುತ್ತವಂತೆ. ಒಮ್ಮೆ ಜಟ್ಟೆಪ್ಪ ಕಟ್ಟಿದ್ದನ್ನೇ ಬಿಚ್ಚಿಸಿದರಂತೆ. ಮಗಳು ಅಪ್ಪನನ್ನು ಕೇಳಿದಳು, “ಅವರಿಗೆ ಹ್ಯಾಂಗ ಗೊತ್ತಾತಪಾ? ಅವರಂಗ ಆಗಬೇಕಂದ್ರ ಏನ್ ಓದಬೇಕು?”

ಜಟ್ಟೆಪ್ಪ ಯೋಚನೆ ಮಾಡಿ ಹೇಳಿದ, “ದೊಡ್ಡ ಸಾಹೇಬ್ರ ಮಗಳಾಗಿ ಹುಟ್ಟಬೇಕವಾ.”

ಆ ಕೆಲಸಕ್ಕೆ ಏನೆನ್ನುತ್ತಾರೆ ಎಂದು ಜಟ್ಟೆಪ್ಪನಿಗೆ ಗೊತ್ತಿಲ್ಲ, ಅವಳ ಮೇಷ್ಟ್ರು ಸುಮ್ಮನೆ ‘ಎಂಜಿನಿಯರ್’ ಅಂದರು, ನನಗೂ ಅಷ್ಟೇ ಗೊತ್ತು. ಯಾವ ಎಂಜಿನಿಯರ್, ಯಾವ ಕಾಲೇಜು, ಹನ್ನೊಂದನೇ ತರಗತಿಗೆ ಯಾವ ವಿಷಯ ತೆಗೆದುಕೊಳ್ಳಬೇಕು, ಅರ್ಜಿ ಎಲ್ಲಿ ಹಾಕಬೇಕು? ಇದನ್ನು ಹೇಳಿಕೊಡುವುದಕ್ಕಲ್ಲವೇ ನಿಮ್ಮ ಶಿಬಿರ? ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲದ ಮನೆಗಳ ಮಕ್ಕಳಿಗೆ ಎಂದು ನಿಮ್ಮ ಕರಪತ್ರದಲ್ಲೇ ಇದೆ. ಗುರಿ ಸ್ಪಷ್ಟ ಇದ್ದವಳು ನಿಮ್ಮ ಹತ್ತಿರ ಯಾಕೆ ಬರುತ್ತಿದ್ದಳು? ಜ್ವರ ಇದೆ ಎಂಬ ಕಾರಣಕ್ಕೆ ರೋಗಿಯನ್ನು ಹೊರಗೆ ಕಳಿಸುವ ಆಸ್ಪತ್ರೆಯನ್ನು ನಾನಂತೂ ನೋಡಿಲ್ಲ.

ಜಾಗ ಇಲ್ಲ ಎಂದು ಮಾತ್ರ ಹೇಳಬೇಡಿ. ಮೂವತ್ತು ಮಕ್ಕಳೆಂದು ನಿಮ್ಮ ಫಲಕ ಹೇಳುತ್ತದೆ, ನಾನು ಮೂವತ್ತು ತಟ್ಟೆ ತರುತ್ತೇನೆ, ತಿನ್ನುವ ಮಕ್ಕಳು ಹತ್ತೊಂಬತ್ತು. ಒಂದು ದಿನವಲ್ಲ, ಐದು ದಿನವೂ ಹತ್ತೊಂಬತ್ತೇ. ಹಾಜರಿ ಪುಸ್ತಕವನ್ನು ತಿದ್ದಬಹುದು, ಇಡ್ಲಿಯನ್ನು ತಿದ್ದಲಾಗುವುದಿಲ್ಲ. ಮಿಕ್ಕ ಹನ್ನೊಂದು ತಟ್ಟೆ ನಿಮ್ಮ ಸಮಿತಿಯವರ ಕಾರು ಓಡಿಸುವವರಿಗೆ ಹೋಗುತ್ತದೆ. ಅವರು ತಿನ್ನಲಿ, ನನಗೆ ಸಂತೋಷವೇ, ಆದರೆ ಅವರ ಮುಂದಿನ ವೃತ್ತಿ ಯಾವುದು ಎಂಬ ಪ್ರಶ್ನೆ ಈಗಾಗಲೇ ಬಗೆಹರಿದಿದೆಯಲ್ಲ? ಖಾಲಿ ಜಾಗಗಳನ್ನು ಎರಡನೆಯ ಸೋಮವಾರದ ತನಕ ತುಂಬಬಹುದು ಎಂದು ನಿಮ್ಮ ನಿಯಮಾವಳಿಯ ಒಂಬತ್ತನೇ ಕಲಮು ಹೇಳುತ್ತದೆ. ಎರಡನೆಯ ಸೋಮವಾರ ಎಂದರೆ ಬರುವ ಸೋಮವಾರ.

ಶಿಬಿರ ಕೆಟ್ಟದ್ದಾಗಿದ್ದರೆ ನಾನು ಇಷ್ಟು ಕಾಗದ ಖರ್ಚು ಮಾಡುತ್ತಿರಲಿಲ್ಲ. ಅದು ಎಷ್ಟು ಚೆನ್ನಾಗಿದೆ ಎಂದು ನಿಮಗೇ ಗೊತ್ತಿಲ್ಲವೋ ಏನೋ. ಬುಧವಾರ ಮಕ್ಕಳನ್ನು ಕೋರ್ಟಿಗೆ ಕರೆದುಕೊಂಡು ಹೋಗಿದ್ದಿರಿ. ಮರುದಿನ ತಿಂಡಿಯ ಹೊತ್ತಿಗೆ ಖಡಕಿಯಿಂದ ಬರುವ ಒಬ್ಬ ಪುಟ್ಟ ಹುಡುಗಿ ವಡೆ ಎತ್ತಿ ಹಿಡಿದು ನನ್ನೆದುರು ಗರ್ಜಿಸಿದಳು, “ಚಟ್ನಿ ಕಡಿಮಿ ಅದ, ನನ್ನ ಆಕ್ಷೇಪಣೆ ಅದ!” ಉಳಿದವರು ಬೆಂಚು ಗುದ್ದಿ “ದಾಖಲ ಮಾಡ್ಕೋರಿ, ದಾಖಲ!” ಎಂದರು. ಮೂರು ದಿನದ ಹಿಂದೆ ನೀರು ಬೇಕೆಂದು ಕೇಳಲೂ ನಾಚುತ್ತಿದ್ದ ಮಕ್ಕಳು! ನಾನು ಕೇಸು ಸೋತು ಇನ್ನೊಂದು ಸೌಟು ಚಟ್ನಿ ಹಾಕಿದೆ. ನನ್ನ ಜೀವಮಾನದಲ್ಲಿ ಇಷ್ಟು ಖುಷಿಯಿಂದ ಯಾವ ವ್ಯವಹಾರದಲ್ಲೂ ಸೋತಿಲ್ಲ.

ಸೋಮವಾರವೇ ಯಾಕೆ ಎಂದರೆ, ಎದುರಿನ, ಕಟ್ಟಿ ಮುಗಿದ ಇನ್ನೊಂದು ಗೋಪುರದಲ್ಲಿ ಜನ ವಾಸಕ್ಕೆ ಬಂದಾಗಿದೆ. ಅಲ್ಲಿಯ ಒಂದು ಮನೆಯಲ್ಲಿ ಕೂಸು ನೋಡಿಕೊಳ್ಳಲು ಹುಡುಗಿ ಬೇಕು. ಹುಲಿಗೆವ್ವ ಮಾತು ಕೊಟ್ಟಿದ್ದಾಳೆ, ಮಂಗಳವಾರದಿಂದ ಸುಮಂಗಲಾ ಅಲ್ಲಿಗೆ. ನಾನು ಜಗಳಕ್ಕೇ ಹೋದೆ. ಅವಳು ನನ್ನನ್ನು ಕೂರಿಸಿ ನೀರು ಕೊಟ್ಟು ಹೇಳಿದಳು, “ನಾ ಏನ್ ಬ್ಯಾಡ ಅಂದೀನೇನ್ರಿ ಅಕ್ಕಾರ? ಕಾಲೇಜ ಎಲ್ಲೈತಿ, ಯಾರನ್ನ ಕೇಳಬೇಕು, ಒಳಗ ಹೋದಾಕಿ ಏನಾಗಿ ಹೊರಗ ಬರ್ತಾಳ, ನನಗ ಒಂದೂ ತಿಳಿಯಂಗಿಲ್ಲ. ಕೂಸು ಹಿಡಿಯೂದು ತಿಳೀತದ. ತಿಳೀದಿದ್ದ ಕಡೆ ಮಗಳನ್ನ ಹ್ಯಾಂಗ ಕಳಸ್ಲಿ? ಆ ಶಿಬಿರದವರು ಕರದ್ರ, ಬಲ್ಲವರು ಕರದಾರ ಅಂತ ಧೈರ್ಯ ಆಗ್ತದ.” ಇದಕ್ಕೆ ಉತ್ತರ ಇರುವುದು ನಿಮ್ಮಲ್ಲಿ. ಅವಳು ಸೋಮವಾರ ಸಂಜೆಯ ತನಕ ಕಾಯುತ್ತೇನೆಂದು ಒಪ್ಪಿದ್ದಾಳೆ.

ಆದ್ದರಿಂದ ನನ್ನ ಬೇಡಿಕೆ. ಹನ್ನೊಂದು ಖಾಲಿ ಕುರ್ಚಿಗಳಲ್ಲಿ ಒಂದನ್ನು ಸುಮಂಗಲಾಳ ಹೆಸರಿಗೆ ಬರೆಯಿರಿ. ಇನ್ನೂ ನಂಬಿಕೆ ಬರದಿದ್ದರೆ ದಯವಿಟ್ಟು ನೀವೇ ಬಂದು ಮೂರು ಮಹಡಿ ಹತ್ತಿರಿ, ಮೊಣಕಾಲಿಗೆ ನಾನು ಎಣ್ಣೆ ಕೊಡುತ್ತೇನೆ. ಉಳಿದ ಹತ್ತು ಕುರ್ಚಿಗಳಿಗೂ ಮಕ್ಕಳು ಆ ಸುತ್ತಿನ ಬೋರ್ಡುಗಳ ಹಿಂದೆಯೇ ಸಿಗುತ್ತಾರೆ. ನಿಮ್ಮ ಪರಿಶೀಲಕರಿಗೆ ಕಾರಿನಿಂದ ಇಳಿಯಲು ಹೇಳಿದರೆ ಸಾಕು.

ಉತ್ತರ ಮಾತ್ರ ಕನ್ನಡದಲ್ಲಿ ಬರೆಯಿರಿ. ಹುಲಿಗೆವ್ವನಿಗೆ ಓದು ಬರಹ ಇಲ್ಲ, ಮಗಳೇ ಓದಿ ಹೇಳಬೇಕು. ಹೋದ ಸಲ ನಿಮ್ಮ ‘ಇಲ್ಲ’ವನ್ನು ಆ ಹುಡುಗಿ ಒಂದು ಅಕ್ಷರವೂ ಬಿಡದೆ, ಒಂದು ಅಕ್ಷರವೂ ಮೆದು ಮಾಡದೆ, ತಾಯಿಗೆ ಕನ್ನಡದಲ್ಲಿ ಹೇಳಿದಳು. ಈ ಸಲ ಎರಡೇ ಸಾಲು ಸಾಕು. ಆದರೆ ಅದನ್ನು ಕೇಳಿದ ಹುಲಿಗೆವ್ವ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, “ಇನ್ನೊಮ್ಮಿ ಓದವಾ” ಎನ್ನುವಂಥದ್ದನ್ನು ಬರೆಯಿರಿ.

ಇಂತಿ,
ಹತ್ತನೇ ಕ್ಲಾಸು ಪಾಸಾದ ದಿನ ‘ಮುಂದೆ ಎಂತ ಮಾಡ್ತಿ?’ ಎಂದು ಯಾರೂ ಕೇಳದಿದ್ದುದರಿಂದ ಹೋಟೆಲಿನವಳಾದ,
ಲೀಲಾಕ್ಷಿ
ಶಿವಾಜಿನಗರ, ಪುಣೆ