ರೊಟ್ಟಿ ಮುರಿಯುವ ದೃಶ್ಯವನ್ನು ಓಡಿಸಿಬಿಟ್ಟ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ಕಳೆದ ತಿಂಗಳು ಛತ್ರಪತಿ ಸಂಭಾಜಿನಗರದಲ್ಲಿ ನಿಮ್ಮ ಸಮಿತಿ ನಡೆಸಿದ ಹೊರನಾಡ ಕನ್ನಡ ಕಿರುಚಿತ್ರೋತ್ಸವದಲ್ಲಿ, ನಾನು ಸಂಕಲನ ಮಾಡಿದ ಚಿತ್ರದ ಒಂದಿಡೀ ದೃಶ್ಯವನ್ನು ನೀವು ತೋರಿಸದೆ ಮುಂದಕ್ಕೆ ಓಡಿಸಿಬಿಟ್ಟಿರಿ. ನನ್ನನ್ನು ಕೇಳಲಿಲ್ಲ, ನಿರ್ದೇಶಕನನ್ನೂ ಕೇಳಲಿಲ್ಲ. ಕಾರಣ ಇಷ್ಟೇ, ನಿಮ್ಮ ಮುಖ್ಯ ಅತಿಥಿಗಳು ಬಾಗಿಲಿಗೆ ಬಂದಿದ್ದರು. ಸಮಿತಿಗೆ ಬರೆದೆ, ಉತ್ತರವಿಲ್ಲ. ಫೋನ್ ಮಾಡಿದೆ, ನೀವು ಯಾವಾಗಲೂ ಮೀಟಿಂಗಿನಲ್ಲಿರುತ್ತೀರಿ. ಆದ್ದರಿಂದ ಈಗ ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ನಾನು ನಾಶಿಕ್‌ನಲ್ಲೇ ಹುಟ್ಟಿ ಬೆಳೆದವಳು, ಓದು ಬರಹದ ಕನ್ನಡವನ್ನು ಅಪ್ಪನಿಂದ ಕಲಿತವಳು. ಮಾತು ಒರಟಾಗಿ ಕಂಡರೆ ಅದಕ್ಕೆ ಭಾಷೆ ಬಾರದ್ದು ಕಾರಣವಲ್ಲ, ಸಿಟ್ಟು ಬಂದದ್ದು ಕಾರಣ.

ಅಂದು ಚಿತ್ರಗಳಿಗಿಂತ ಶಾಲುಗಳೇ ಹೆಚ್ಚಿದ್ದುದರಿಂದ ಯಾವ ಚಿತ್ರವೆಂದು ನಿಮಗೆ ನೆನಪಿಲ್ಲದಿರಬಹುದು. ಬೀದರ್ ಜಿಲ್ಲೆಯ ಔರಾದ್ ಕಡೆಯಿಂದ ನಾಶಿಕ್ ಬಳಿಯ ನಿಫಾಡ್‌ಗೆ ಬಂದು, ದ್ರಾಕ್ಷಿ ತೋಟದಲ್ಲಿ ದುಡಿದು ಮುದುಕಿಯಾದ ರುಕ್ಮಿಣಿಬಾಯಿಯವರ ಚಿತ್ರ ಅದು. ಗಂಗಾಪುರದಲ್ಲಿ ಶಾಲೆಯ ಮಾಸ್ತರನಾಗಿರುವ ನನ್ನ ಗೆಳೆಯ ರವಿಕಾಂತ ರಜೆ ಸಿಕ್ಕಾಗಲೆಲ್ಲ ಹೋಗಿ ನಿರ್ದೇಶಿಸಿ ಚಿತ್ರೀಕರಿಸಿದ. ಮದುವೆ ವಿಡಿಯೊಗಳನ್ನು ಕತ್ತರಿಸಿ ಹೊಟ್ಟೆ ಹೊರೆಯುವ ನಾನು, ಉಳಿದ ಹೊತ್ತಿನಲ್ಲಿ ಅದನ್ನು ಕಟ್ಟಿದೆ.

ನೀವು ಓಡಿಸಿದ ದೃಶ್ಯದಲ್ಲಿ ರುಕ್ಮಿಣಿಬಾಯಿ ಮತ್ತು ಅವರ ಯಜಮಾನರು ಗುರುಲಿಂಗಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ಬುತ್ತಿ ಬಿಚ್ಚಿ ಕೂತಿರುತ್ತಾರೆ. ಗುರುಲಿಂಗಪ್ಪ ಜೋಳದ ರೊಟ್ಟಿ ಮುರಿದು, ನಡುವಿನ ಮೆತ್ತನೆಯ ಭಾಗವನ್ನು ಹಲ್ಲು ಬಿದ್ದ ಹೆಂಡತಿಯ ಕಡೆ ಸರಿಸಿ, ಗಟ್ಟಿ ಅಂಚನ್ನು ತಾವು ತಿನ್ನುತ್ತಾರೆ. ಮಾತಿಲ್ಲ, ಸಂಗೀತವಿಲ್ಲ. ಉಂಡಾದ ಮೇಲೆ ಒಮ್ಮೆ ಕ್ಯಾಮೆರಾ ಕಡೆ ನೋಡಿ ನಾಚಿಕೊಂಡು ನಗುತ್ತಾರೆ. ಅಷ್ಟೇ. ಆ ಅಷ್ಟನ್ನು ಮುಟ್ಟದೆ ಬಿಡಲು ನಾನು ವಾರಗಟ್ಟಲೆ ನನ್ನ ಜೊತೆ ನಾನೇ ಜಗಳವಾಡಿದ್ದೇನೆ. ಕತ್ತರಿ ಕೈಯಲ್ಲಿರುವವರಿಗೆ ಸುಮ್ಮನಿರುವುದೇ ಕಷ್ಟದ ಕೆಲಸ, ನಿಮಗೂ ಅದು ಗೊತ್ತಿರಬೇಕು. ಚಿತ್ರ ಸಿದ್ಧವಾಗುವ ಮೊದಲೇ ಗುರುಲಿಂಗಪ್ಪ ತೀರಿಕೊಂಡರು. ಅವರು ಕೂತು, ಉಂಡು, ನಕ್ಕದ್ದು ಉಳಿದಿರುವುದು ಆ ದೃಶ್ಯದಲ್ಲಿ ಮಾತ್ರ.

ಅದನ್ನು ನೋಡಲೆಂದೇ ರುಕ್ಮಿಣಿಬಾಯಿ ನಿಫಾಡ್‌ನಿಂದ ಬಸ್ಸು ಹಿಡಿದು ಬಂದಿದ್ದರು. ದಾರಿಯಲ್ಲಿ ವೈಜಾಪುರದಲ್ಲಿ ನಾದಿನಿ ಸುಶೀಲಾಬಾಯಿ ಹತ್ತಿಕೊಂಡರು. ರುಕ್ಮಿಣಿಬಾಯಿ ಗಂಡನ ಬಗ್ಗೆ "ನಮ್ಮ ಮಾಲಕ್ರು ಪರದೆ ಮ್ಯಾಲ ಬರ್ತಾರ" ಎಂದು ಓಣಿಗೆಲ್ಲ ಹೇಳಿ, ಜೊತೆಗೆ ಕೆಲಸ ಮಾಡುವ ಹೆಂಗಸರನ್ನೂ ಕರೆತಂದಿದ್ದರು. ಪರದೆಯ ಮೇಲೆ ಬುತ್ತಿಯ ಗಂಟು ಬಿಚ್ಚುವ ಕೈ ಕಂಡಿತು. ಮರುಕ್ಷಣವೇ ದ್ರಾಕ್ಷಿ ಪೆಟ್ಟಿಗೆ ತುಂಬಿದ ಲಾರಿ ಹೊರಟಿತ್ತು.

ನಾನು ಆಪರೇಟರ್ ಹತ್ತಿರ ಓಡಿದೆ. "ಅಧ್ಯಕ್ಷ ಸಾಹೇಬ್ರ ಹೇಳ್ಯಾರ್ರಿ ಮೇಡಂ," ಎಂದ ಪಾಪ. "ಇಲ್ಲೇನೂ ನಡೀತಿಲ್ಲ, ಮುಂದಕ್ಕೆ ಓಡ್ಸು ಅಂದ್ರು. ನಾ ಏನ್ ಮಾಡ್ಲಿ?"

ಏನು ನಡೆಯಬೇಕಿತ್ತು, ಅಧ್ಯಕ್ಷರೇ? ಗುರುಲಿಂಗಪ್ಪ ಎದ್ದು ಕುಣಿಯಬೇಕಿತ್ತೇ? ಹೋಗಲಿ, ಆಮೇಲೆ ನೀವು ಮಾಡಿದ ಭಾಷಣದಲ್ಲಿ ಏನು ನಡೆಯಿತು? ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎನ್ನುವಂತೆ ಅದೇ ತಾಯ್ನುಡಿ, ಅದೇ ಅಭಿಮಾನ, "ಹೊರನಾಡಿನ ಶ್ರಮಜೀವಿಗಳೇ ಕನ್ನಡದ ಉಸಿರು" ಎಂಬ ಅದೇ ಮಾತು. ಅದನ್ನು ಯಾರೂ ಮುಂದಕ್ಕೆ ಓಡಿಸಲಿಲ್ಲ. ಆ ಉಸಿರು ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿತ್ತು. ನಾನು ವೇದಿಕೆಯ ಹತ್ತಿರ ಬಂದು ಕೇಳಿದಾಗ ನೀವು ಅತಿಥಿಗಳ ಕಡೆ ತಿರುಗಿ, "ಕತ್ತರಿಸೋದೇ ಈಕೆ ಕಸುಬು. ನಾವು ಒಂಚೂರು ಕತ್ತರಿಸಿದ್ರೆ ಸಿಟ್ಟು ನೋಡಿ!" ಎಂದಿರಿ. ಅವರು ನಕ್ಕರು. ರವಿಕಾಂತ ಕೊರಳಿಗೆ ಹಾರ ಬಿದ್ದು, ಫೋಟೊದ ಸಾಲಿನಲ್ಲಿ ಸಿಕ್ಕಿಕೊಂಡಿದ್ದ.

ಅವಮಾನ ನನ್ನೊಬ್ಬಳದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಈ ಕಸುಬಿನಲ್ಲಿ ಅದು ದಿನದ ಊಟ. ಆದರೆ ಹೊರಗೆ ನಡೆದದ್ದು ಬೇರೆ. ಚಿತ್ರೀಕರಣದ ದಿನಗಳಲ್ಲಿ ನಾನೂ ಒಮ್ಮೆ ಹೋಗಿದ್ದಾಗ ರುಕ್ಮಿಣಿಬಾಯಿ ನನ್ನ ಕೆಲಸವೇನೆಂದು ಕೇಳಿದ್ದರು. ಅವರು ಗೊಂಚಲಿನ ಸಣ್ಣ, ಸೊಟ್ಟ ಕಾಯಿಗಳನ್ನು ಕತ್ತರಿಯಿಂದ ತೆಗೆದು ಉಳಿದವು ದಪ್ಪಗಾಗಲು ಬಿಡುತ್ತಾರೆ. ನಂದೂ ಇದೇ ಕೆಲಸ ಕಾಕು, ಚೆನ್ನಾಗಿಲ್ಲದ್ದನ್ನು ತೆಗೆಯುತ್ತೇನೆ ಎಂದಿದ್ದೆ. ಅಂದು ಸಭಾಂಗಣದ ಮೆಟ್ಟಿಲ ಮೇಲೆ ಅವರು ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು.

"ಮಂಜುಬಾಯಿ, ನಮ್ಮ ಮಾಲಕ್ರು ಛಲೋ ಕಾಣಸ್ಲಿಲ್ಲೇನ್ರಿ?"

"ಅಯ್ಯೋ ಕಾಕು, ನಾ ತೆಗದಿಲ್ರಿ! ಆ ಅಧ್ಯಕ್ಷರು ಓಡಿಸಿಬಿಟ್ರು."

"ಅಷ್ಟು ದೊಡ್ಡ ಸಾಹೇಬ್ರು ನಮ್ಮ ರೊಟ್ಟಿಗ್ಯಾಕ ಕೈ ಹಾಕ್ತಾರ್ರಿ? ಛಲೋ ಇರಲಾರದ್ದು ತೆಗಿತೀನಿ ಅಂತ ನೀವ ಹೇಳಿದ್ರಿ. ಇರ್ಲಿ ಬಿಡ್ರಿ. ನಿಮ್ಮ ಕೆಲಸ ನೀವು ಮಾಡೀರಿ."

ನಾನು ಅಲ್ಲೇ ಲ್ಯಾಪ್‌ಟಾಪ್ ತೆರೆದು ಇಡೀ ದೃಶ್ಯ ತೋರಿಸಿದೆ. ರುಕ್ಮಿಣಿಬಾಯಿ ಗಂಡನ ಮುಖವನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ, "ನನ್ನ ಸಮಾಧಾನಕ್ಕ ಮತ್ತ ಹಚ್ಚೀರಿ, ದೇವರು ಛಲೋ ಇಡ್ಲಿ" ಎಂದರು. ತೆಗೆಯಲು ಬರುವವಳಿಗೆ ಮತ್ತೆ ಅಂಟಿಸಲೂ ಬರುತ್ತದೆ, ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಾನು ಯಾವ ಸಾಕ್ಷಿ ತಂದರೂ ಅದು ನಾನೇ ಜೋಡಿಸಿದ್ದಾಗುತ್ತದೆ. ಸುಶೀಲಾಬಾಯಿ ಮಾತ್ರ ಮುಲಾಜಿಟ್ಟುಕೊಳ್ಳಲಿಲ್ಲ. "ನಾಲ್ಕು ಮಂದಿ ಮುಂದ ನಮ್ಮಣ್ಣನ್ನ ತೆಗದು, ಈಗ ಮೂಲ್ಯಾಗ ತೋರಸ್ತಾಳ" ಎಂದು ಮುಖ ತಿರುಗಿಸಿದರು. ರವಿಕಾಂತ ಆಮೇಲೆ ನಿಫಾಡ್‌ಗೇ ಹೋಗಿ ಹೇಳಿ ನೋಡಿದ. ಅವನು ನನ್ನ ಗೆಳೆಯ, ನನ್ನ ಪರವಾಗಿಯೇ ಮಾತಾಡುತ್ತಾನೆ ಎಂದುಕೊಂಡರು.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನೀವು ಒರೆಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ, ಅದು ತಾನಾಗಿಯೇ ನನ್ನ ಬಾಯಿಗೆ ಅಂಟಿತು. ಹೀಗಾಗಿ ನನಗೆ ನಿಮ್ಮ ವಿಷಾದ ಪತ್ರ ಬೇಡ, ಮುಂದಿನ ಉತ್ಸವಕ್ಕೆ ಆಹ್ವಾನವೂ ಬೇಡ. ನೀವು ನಿಫಾಡ್‌ಗೆ ಬರಬೇಕು. ರುಕ್ಮಿಣಿಬಾಯಿಯ ಓಣಿಯಲ್ಲಿ ಪರದೆ ನಾನು ಕಟ್ಟುತ್ತೇನೆ, ಪ್ರೊಜೆಕ್ಟರ್ ನಾನು ತರುತ್ತೇನೆ. ಅಂದು ಬಸ್ಸಿನಲ್ಲಿ ಬಂದಿದ್ದ ಹೆಂಗಸರ ಎದುರಿಗೆ, ಸುಶೀಲಾಬಾಯಿಯ ಎದುರಿಗೆ, "ಆ ದೃಶ್ಯ ಓಡಿಸಿದವನು ನಾನು, ಗುರುಲಿಂಗಪ್ಪನವರಲ್ಲಿ ಯಾವ ಕೊರತೆಯೂ ಇರಲಿಲ್ಲ" ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ಆಮೇಲೆ ಆ ಹೆಂಗಸರ ಜೊತೆ ನೆಲದ ಮೇಲೆ ಕೂತು, ಪರದೆಯ ಮೇಲೆ ಗುರುಲಿಂಗಪ್ಪ ರೊಟ್ಟಿ ಉಂಡು ಮುಗಿಸುವವರೆಗೆ ಏಳದೆ ನೋಡಬೇಕು. ಶಾಲು ತರಬೇಡಿ.

ಬರದಿದ್ದರೆ ನಿಮಗೇನೂ ಆಗುವುದಿಲ್ಲ, ನನಗೆ ಗೊತ್ತು. ನಿಫಾಡ್‌ನಲ್ಲಿ ಒಬ್ಬ ಹೆಂಗಸು ಮಾತ್ರ, ತನ್ನ ಗಂಡ ನಾಲ್ಕು ಜನರಿಗೆ ತೋರಿಸುವಷ್ಟು ಚೆನ್ನಾಗಿರಲಿಲ್ಲ ಎಂದುಕೊಂಡೇ ಉಳಿದ ದಿನ ಕಳೆಯುತ್ತಾರೆ.

ಇಂತಿ,
ಮಾಡದ ತಪ್ಪಿಗೆ ರುಕ್ಮಿಣಿಬಾಯಿಯಿಂದ ಕ್ಷಮೆ ಪಡೆದು ಬಂದ
ಮಂಜುಶ್ರೀ
ಚಿತ್ರ ಸಂಕಲನಕಾರ್ತಿ, ನಾಶಿಕ್