ಟೇಪಿನ ಮುಂದೆ ಉಸಿರು ಹಿಡಿದವರಿಗೆ

ಭವ್ಯಾನ ಅಪ್ಪಾ,

ನಾನು ಲೈನಿಂಗ್ ಬಟ್ಟೆ ತರೋಕೆ ಮಂಡಿಪೇಟೆಗೆ ಹೊಂಟೀನಿ. ನಿಮ್ಮ ರಬ್ಬರ್ ಅಂಗಿ, ಅದೇ ಆ ವೆಟ್‌ಸೂಟು, ವಾಪಸ್ ಒಯ್ಯೋಕೆ ಕೊರಿಯರ್‌ನೋನು ನಾಲ್ಕಕ್ಕೆ ಬರ್ತಾನೆ. ಡಬ್ಬಿ ಕಟ್ಟಿ ಬಾಗಿಲ ಹತ್ರ ಇಟ್ಟೀನಿ. "ಇನ್ನೊಂದ್ಸಲ ಹಾಕಿ ನೋಡ್ತೀನಿ" ಅಂತ ಬಿಚ್ಚಬ್ಯಾಡ್ರಿ. ಬೆಳಗ್ಗೆ ನಾನು, ಅತ್ತೆ ಇಬ್ರೂ ಹಿಡಿದು ಎಳೆದ್ರೂ ಅದು ಸೊಂಟ ದಾಟಲಿಲ್ಲ.

ಹದಿನೈದು ವರ್ಷದಿಂದ ಓಣಿಯೋರ ಬ್ಲೌಸ್ ಹೊಲಿಯೋಳು ನಾನು. ನನ್ನ ಟೇಪ್ ತಪ್ಪಿಲ್ಲ. ಅಳತೆ ತಗೊಳ್ಳೋವಾಗ ಹೊಟ್ಟೆ ಒಳಗೆ ಎಳ್ಕೊಂಡು, ಉಸಿರು ಹಿಡಿದು ನಿಂತೋರು ನೀವು. ಮೂವತ್ತನಾಲ್ಕಂತೆ! ಮದುವೆ ದಿನಾನೂ ನಿಮ್ಮ ಸೊಂಟ ಅಷ್ಟು ಸಣ್ಣ ಇರಲಿಲ್ಲ.

ಸಡಿಲ ಆದ್ರೆ ನೀರು ನುಗ್ಗಿ ಚಳಿ ಹಿಡೀತೈತೆ, ತೀರಾ ಬಿಗಿ ಆದ್ರೆ ಎದೆ ತುಂಬ ಉಸಿರು ತಗೊಳ್ಳೋಕೇ ಆಗಲ್ಲ ಅಂತ ನೀವೇ ವಿಡಿಯೋ ತೋರಿಸಿದ್ರಿ. ಮುರುಡೇಶ್ವರದ ಸಮುದ್ರದಾಗೆ ಒಂದೇ ಉಸಿರಲ್ಲಿ ಮುಳುಗಿ, ಈಟಿಲಿ ಮೀನು ಹೊಡೆಯೋ ಆಸೆ ನಿಮ್ದು. ಅರ್ಧ ಉಸಿರಲ್ಲೇ ಮುಳುಗ್ತೀರೇನು?

ಟೇಪ್ ಅತ್ತೆ ಕೈಲಿ ಕೊಟ್ಟೀನಿ. ಹೊಟ್ಟೆ ಹೆಂಗೈತೋ ಹಂಗೇ ಬಿಟ್ಟು ನಿಂತ್ಕೊಳ್ರಿ. ಅವ್ರ ಮುಂದೆ ನಾಚಿಕೆ ಬ್ಯಾಡ, ಅದನ್ನ ಬೆಳೆಸಿದ್ದೇ ಅವ್ರ ಕೈ ರೊಟ್ಟಿ. ಬಂದ ಅಳತೆ ಬಂದಂಗೇ ಕಂಪನಿಗೆ ಬರೀರಿ, ಬೇರೆ ಸೈಜ್ ಕಳಿಸ್ತಾರೆ.

ಹರಿಹರದ ಹೊಳ್ಯಾಗೆ ನೀವು ಅಭ್ಯಾಸಕ್ಕಂತ ಮುಳುಗಿ ಏಳೋವರೆಗೂ ದಡದ ಮ್ಯಾಲೆ ನಾನೂ ಉಸಿರು ಹಿಡ್ಕೊಂಡೇ ನಿಂತಿರ್ತೀನಿ. ಮನೆಯಾಗಾದ್ರೂ ಇಬ್ರೂ ನೆಟ್ಟಗೆ ಉಸಿರಾಡೋಣ.

ರೇವತಿ